ಮುಂದೆ ಮಾಡಿದ ಬಾಗಿಲು

ಮೊನ್ನೆ ದೇವದುರ್ಗದಲ್ಲಿ ಒಂದು ಮದುವೆ ಮನೆಗೆ ರೊಟ್ಟಿ ಮುಟ್ಟಿಸಲು ಹೋಗಿದ್ದೆ. ಖಡಕ್ ರೊಟ್ಟಿಯ ಗಂಟುಗಳನ್ನು ಆಟೋದಿಂದ ಇಳಿಸುವಾಗ ನೋಡಿದರೆ, ಅಂಗಳದ ಮೂಲೆಯಲ್ಲಿ ಹಳೆಯ ಡ್ರಮ್ಮಿನೊಳಗೆ ಸುಣ್ಣದ ಹರಳಿಗೆ ನೀರು ಹುಯ್ದು ಬಿಟ್ಟಿದ್ದರು. ಅದು ಕೊತಕೊತ ಕುದಿಯುತ್ತಿತ್ತು. ಹಸಿ ಮಣ್ಣಿನದೂ ಅಲ್ಲದ, ಬೂದಿಯದೂ ಅಲ್ಲದ, ಮೂಗಿನ ತುದಿಯಲ್ಲಿ ಚುರ್ ಎನ್ನುವ ಆ ವಾಸನೆ ಬಡಿದದ್ದೇ ತಡ, ನಾನು ಗಂಟು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ.

“ಯಾಕ್ರೀ ಅಕ್ಕಾರ, ಬಿಸಿಲಿಗಿ ತಲಿ ತಿರುಗಿತೇನು? ನೀರು ಕೊಡ್ಲಿ?” ಎಂದು ಮದುವೆ ಮನೆಯ ಹೆಣ್ಣುಮಗಳು ಓಡಿ ಬಂದಳು.

ತಲೆ ತಿರುಗಿರಲಿಲ್ಲ. ಮನಸ್ಸು ತಿರುಗಿ ರಾಯಚೂರಿನ ಬಜಾರಿಗೆ ಹೋಗಿತ್ತು, ನಮ್ಮ ಹಳೆಯ ಅಂಗಡಿಯನ್ನು ದುರಸ್ತಿ ಮಾಡಿಸಿದ ಆ ಬೇಸಿಗೆಗೆ.

ನಮ್ಮದು ಮೂಲತಃ ಮಾನ್ವಿ ತಾಲೂಕಿನ ಕುರ್ಡಿ. ಅಜ್ಜ ಕಾಳಿನ ವ್ಯಾಪಾರಕ್ಕೆಂದು ರಾಯಚೂರಿಗೆ ಬಂದವನು. ಇಲ್ಲಿ ಅವನಿಗೆ ಖಾಸಿಂ ಸಾಬರ ಸ್ನೇಹವಾಯಿತು. ಅವರದು ಬಾರದಾನದ ವ್ಯಾಪಾರ, ಅಂದರೆ ಖಾಲಿ ಗೋಣಿಚೀಲದ್ದು. ಒಬ್ಬನ ಹತ್ತಿರ ಕಾಳು, ಇನ್ನೊಬ್ಬರ ಹತ್ತಿರ ಚೀಲ. ಒಬ್ಬರನ್ನು ಬಿಟ್ಟು ಒಬ್ಬರ ವ್ಯಾಪಾರ ಸಾಗುವಂತಿರಲಿಲ್ಲ. ಇಬ್ಬರೂ ಸೇರಿ ತೀನ್ ಕಂದೀಲ್ ಚೌಕದ ಹತ್ತಿರದ ಒಂದು ಗಲ್ಲಿಯಲ್ಲಿ ಕಟ್ಟಡ ಕಟ್ಟಿಸಿದರು. ಒಂದೇ ಅಡಿಪಾಯ, ತಲೆಯ ಮೇಲೆ ಒಂದೇ ಮಣ್ಣಿನ ಮಾಳಿಗೆ, ನಡುವೆ ಒಂದೇ ಗೋಡೆ. ಎಡಕ್ಕೆ ನಾವು, ಬಲಕ್ಕೆ ಅವರು.

ಆ ಕಟ್ಟಡದಲ್ಲಿ ಒಂದು ವಿಚಿತ್ರವಿತ್ತು. ನಮ್ಮ ಅಂಗಡಿಗೆ ಬಜಾರಿನ ಕಡೆ ಎರಡು ಬಾಗಿಲು. ಒಂದು ಅಗಲವಾದ ಹಲಗೆ ಬಾಗಿಲು, ಎಲ್ಲರೂ ಓಡಾಡುವಂಥದ್ದು. ಅದರ ಪಕ್ಕಕ್ಕೇ ಅಂಟಿಕೊಂಡಂತೆ ಇನ್ನೊಂದು, ಇಕ್ಕಟ್ಟಾದ, ಹಸಿರು ಬಣ್ಣದ ಬಾಗಿಲು. ಅದು ತೆರೆದದ್ದನ್ನು ನಾನು ನೋಡಿಯೇ ಇರಲಿಲ್ಲ. ಒಳಗಿನಿಂದ ಅದಕ್ಕೆ ಚೀಲ ಒರಗಿಸಿರುತ್ತಿದ್ದರು, ಹೊರಗಿನಿಂದ ಯಾರಾದರೂ ಸೈಕಲ್ ಒರಗಿಸಿರುತ್ತಿದ್ದರು. ಚಿಕ್ಕವಳಿದ್ದಾಗ ನಾನು ಅಪ್ಪನ ಬೆನ್ನು ಬಿಡುತ್ತಿರಲಿಲ್ಲ. “ಯಪ್ಪಾ, ಒಂದ ಅಂಗಡಿಗಿ ಎರಡು ಬಾಗಿಲಾ ಯಾಕ?” ಅಪ್ಪ ಒಂದು ಸಲ ಹೇಳಿದ್ದು: “ಒಂದು ಲಕ್ಷ್ಮಿ ಬರಾಕ, ಇನ್ನೊಂದು ಹೋಗಾಕ. ಅದಕ್ಕ ಅದನ್ನ ತೆರಿಯಂಗಿಲ್ಲ.” ನಾನು ಅದನ್ನು ನಂಬಿ, ಎಷ್ಟೋ ವರ್ಷ ಆ ಹಸಿರು ಬಾಗಿಲ ಸಂದಿಗೆ ಕಣ್ಣಿಟ್ಟು ಲಕ್ಷ್ಮಿ ಒಳಗೇ ಇದ್ದಾಳೋ ಇಲ್ಲವೋ ನೋಡುತ್ತಿದ್ದೆ. ಕಾಣುತ್ತಿದ್ದದ್ದು ತೊಗರಿ ಚೀಲ ಮಾತ್ರ.

ಕೆದಕುವುದು ನನ್ನ ಹುಟ್ಟುಗುಣ. ಅವ್ವ ಇದನ್ನು ಗುಣ ಎನ್ನುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ಪ್ಲಾಸ್ಟಿಕ್ ಸಾಮಾನಿನವರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಅವರೂ ಖಾಲಿ ಮಾಡಿದರು. ಮಾಳಿಗೆಯ ಮಣ್ಣು ಉದುರುತ್ತಿತ್ತು, ತೊಲೆಗಳು ಹುಳು ಹಿಡಿದಿದ್ದವು. ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿರುವ ನನ್ನ ಅಣ್ಣನಿಗೆ ಅದನ್ನು ಕೆಡವಿ ಶಟರ್‌ಗಳ ಕಾಂಪ್ಲೆಕ್ಸ್ ಮಾಡುವ ಆಸೆ. ನನಗೆ ಅಲ್ಲಿ ರೊಟ್ಟಿ ಅಂಗಡಿ ಹಾಕುವ ಆಸೆ. ಗಂಡ ಹೋದ ಮೇಲೆ ಮಾನ್ವಿಯ ಮನೆಯ ಪಡಸಾಲೆಯಲ್ಲಿ ಹೆಂಗಸರನ್ನು ಕಟ್ಟಿಕೊಂಡು ರೊಟ್ಟಿ ಬಡಿದು ಬದುಕು ಕಟ್ಟಿದವಳು ನಾನು. ಊರಿಂದ ಊರಿಗೆ ಗಂಟು ಹೊತ್ತು ಸಾಕಾಗಿತ್ತು. ನನ್ನದೆನ್ನುವ ಒಂದು ಬಾಗಿಲು, ಅದರ ಮೇಲೆ ಒಂದು ಬೋರ್ಡು ಬೇಕಾಗಿತ್ತು.

ಅಣ್ಣ ಪೂರ್ತಿ ಬೇಡವೆನ್ನಲಿಲ್ಲ. ಶರತ್ತು ಹಾಕಿದ. “ನೋಡವ್ವಾ, ಹಳೇ ಗ್ವಾಡಿಗಿ ತ್ಯಾಪಿ ಹಚ್ಚೋ ಹುಚ್ಚು ನಿಂದು. ಈ ಬ್ಯಾಸಗಿ ನಿನಗ ಬಿಟ್ಟೀನಿ. ಮಿರಗದ ಮಳಿ ಕೂಡೂದ್ರಾಗ ಮಾಳಿಗಿ ಮುಚ್ಚಿದ್ರ ಅಂಗಡಿ ನಿಂದು. ಇಲ್ಲಂದ್ರ ಮಳಿ ನಿಂತ ಮ್ಯಾಲ ಜೆಸಿಬಿ ತರ್ತೀನಿ, ಆಮ್ಯಾಲ ಅಳಬ್ಯಾಡ.”

ಅರ್ಧ ಕೆಡವಿದರೆ ಉಳಿದ ಅರ್ಧ ನಿಲ್ಲುವುದಿಲ್ಲ ಎಂಬುದು ಅಣ್ಣನಿಗೂ ಗೊತ್ತಿತ್ತು. ಬಲಗಡೆ ಖಾಸಿಂ ಸಾಬರ ಮಗ ರಹಮಾನ್ ಚಾಚಾ ಈಗಲೂ ಬಾರದಾನದ ಅಂಗಡಿ ನಡೆಸುತ್ತಿದ್ದರು. ಬೆಳ್ಳಗಾದ ಗಡ್ಡ, ಮೂಗಿನ ತುದಿಗೆ ಇಳಿದ ಚಸ್ಮಾ, ಕೈಯಲ್ಲಿ ಚೀಲ ಹೊಲಿಯುವ ದಬ್ಬಣ. ನಮಗೂ ಅವರಿಗೂ ಜಗಳ ಎಂದೂ ಇರಲಿಲ್ಲ. ರಂಜಾನಿಗೆ ಅವರ ಮನೆಯಿಂದ ಶಾವಿಗೆಯ ಸುರಕುಂಬಾ ಬರುತ್ತಿತ್ತು, ಯುಗಾದಿಗೆ ನಮ್ಮಿಂದ ಹೋಳಿಗೆ ಹೋಗುತ್ತಿತ್ತು. ಆದರೆ ಎಲ್ಲ ಹೊರಗಿನಿಂದ ಹೊರಗೇ. ಅವರು ನಮ್ಮ ಅಂಗಡಿಯೊಳಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು, “ಖೈರಿಯತ್?” ಎಂದು ಕ್ಷೇಮ ಕೇಳಿ ಹೋಗುತ್ತಿದ್ದರು. ಇದೂ ನನಗೆ ಚಿಕ್ಕಂದಿನಿಂದ ಅರ್ಥವಾಗದ ಒಂದು ಒಗಟು.

ಚೈತ್ರದಲ್ಲಿ ಕೆಲಸ ಶುರುವಾಯಿತು. ರಾಯಚೂರಿನ ಬಿಸಿಲಿಗೆ ಹೆದರಿ ಗೌಂಡಿಗಳು ನಸುಕಿನಲ್ಲೇ ಬರುತ್ತಿದ್ದರು. ಹೊತ್ತು ನೆತ್ತಿಗೇರುವುದರೊಳಗೆ ಕರಣಿ ಕೆಳಗಿಟ್ಟು ನೆರಳು ಹಿಡಿಯುತ್ತಿದ್ದರು. ಗಲ್ಲಿಗೆ ಟ್ರ್ಯಾಕ್ಟರ್ ಬರುವುದಿಲ್ಲ. ಮರಳು, ಇಟ್ಟಿಗೆ, ಸುಣ್ಣ ಎಲ್ಲ ತಳ್ಳುಗಾಡಿಯ ಮೇಲೆ, ಬಳೆ ಅಂಗಡಿಯವರ ಬೈಗುಳ ತಿಂದುಕೊಂಡು ಬರಬೇಕು. ಇನ್ನು ಬಜಾರಿನಲ್ಲಿ ಗೋಡೆ ಕೆರೆಯಲು ಶುರು ಮಾಡಿದರೆ ಹಾದು ಹೋಗುವವರೆಲ್ಲ ಇಂಜಿನಿಯರೇ. ಒಬ್ಬರು ನಿಂತು ತೊಲೆ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ತೊಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಬದಲಿಸಿ ಎನ್ನುತ್ತಾರೆ. ನಿಜವಾದ ಇಂಜಿನಿಯರ್ ಮಲ್ಲಟದ ಕಡೆಯ ಒಬ್ಬ ಹುಡುಗಿ. ಅವಳು ಹೇಳಿದ್ದು ಒಂದೇ ಮಾತು: ಹಳೆಯ ಗಚ್ಚಿನ ಗೋಡೆಗೆ ಸಿಮೆಂಟು ಮೆತ್ತಬೇಡಿ, ಸುಣ್ಣವನ್ನೇ ಅರಳಿಸಿ ಬಳಸಿ.

ಗೌಂಡಿಗಳ ಮುಖ್ಯಸ್ಥ ನರಸಿಂಹಲು. ಯಾಪಲದಿನ್ನಿಯ ಆಚೆ, ಗಡಿ ದಾಟಿದರೆ ಅವನ ಊರು, ಮನೆಮಾತು ತೆಲುಗು. ನಮ್ಮ ಬಜಾರಿಗೆ ಗೌಂಡಿಗಳು ಅಜ್ಜನ ಕಾಲದಿಂದಲೂ ಆ ಕಡೆಯಿಂದಲೇ ಬರುವುದು ವಾಡಿಕೆ. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಗಚ್ಚು ಕಲಸುವುದು ಅವನಿಗೆ ಗೊತ್ತಿತ್ತು. ಆ ಬೆಲ್ಲಕ್ಕೆ ಬಜಾರಿನ ಇರುವೆಗಳೆಲ್ಲ ನಮ್ಮ ಗೋಡೆ ಹತ್ತಿದವು. ಅವನ ಕನ್ನಡ ಅರ್ಧ ದಾರಿಯಲ್ಲಿ ತೆಲುಗಿಗೆ ಹೊರಳಿಬಿಡುತ್ತಿತ್ತು. ನಾನು ಒಂದು ಹೇಳಿದರೆ ಅವನು ತಲೆಯಾಡಿಸಿ ಇನ್ನೊಂದು ಮಾಡಿರುತ್ತಿದ್ದ, ಆದರೆ ಮಾಡಿದ್ದನ್ನು ಚೆನ್ನಾಗಿ ಮಾಡಿರುತ್ತಿದ್ದ.

ಹಳೆಯ ತೊಲೆಗಳನ್ನು ಇಳಿಸಿದೆವು. ಮಾಳಿಗೆ ಹೋಗಿ ಆಕಾಶ ಕಂಡಿತು. ಹೊಸ ತೊಲೆಗಳು ನಡುವಿನ ಗೋಡೆಯ ಮೇಲೇ ಕೂಡಬೇಕು. ಅದರ ಹಳೆಯ ಗಿಲಾವನ್ನು ಕೆರೆಯತೊಡಗಿದಾಗ ಒಂದು ಮುಂಜಾನೆ ಗೋಡೆಯೊಳಗಿಂದ ಕಮಾನೊಂದು ಮೂಡಿಬಂತು. ಚೆಂದವಾಗಿ ಕೆತ್ತಿದ ಕಲ್ಲಿನ ಕಮಾನು. ಅದರ ಹೊಟ್ಟೆಯೊಳಗೆ ಬೇರೆ ಜಾತಿಯ ಇಟ್ಟಿಗೆ, ಮಣ್ಣು ತುಂಬಿ ಮುಚ್ಚಿದ್ದರು.

ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಗೋಡೆಗೆ ಕಿವಿ ಹಚ್ಚಿದೆ, ಬಡಿದು ನೋಡಿದೆ. ಇಂಜಿನಿಯರ್ ಹುಡುಗಿಗೆ ಖುಷಿಯಾಗಲಿಲ್ಲ. ತುಂಬಿದ ಇಟ್ಟಿಗೆ ಗೋಡೆಗೆ ಬೆಸೆದಿಲ್ಲ, ಸಡಿಲಾಗಿದೆ, ಎರಡೂ ಕಡೆಯಿಂದ ಭದ್ರ ಮಾಡದೆ ಇದರ ಮೇಲೆ ತೊಲೆ ಕೂಡಿಸಲಾಗದು ಎಂದಳು. ಎರಡೂ ಕಡೆ ಎಂದರೆ ಚಾಚಾನ ಅಂಗಡಿಯ ಒಳಗಿಂದಲೂ.

ಚಾಚಾನನ್ನು ಕರೆದು ತೋರಿಸಿದೆ. ಅವರು ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತರು. ಕಮಾನನ್ನು ನೋಡಿದವರೇ ಚಸ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದೇನು ಚಾಚಾ? ಇಲ್ಲಿ ಬಾಗಿಲಾ ಇತ್ತೇನು?”

“ಇತ್ತು ಬೇಟಿ. ನಾ ಸಣ್ಣಾವಿದ್ದಾಗ ದಿನಾ ಇದರಾಗ ಓಡ್ಯಾಡ್ತಿದ್ದೆ. ನಿಮ್ಮ ಅಜ್ಜನ ತಾಟಿನ್ಯಾಗ ಉಂಡೀನಿ. ಒಂದು ಬ್ಯಾಸಗಿ ನಿಮ್ಮ ಅಜ್ಜ ದುರಸ್ತಿ ಹಚ್ಚಿದ. ಗೌಂಡಿ ಇದನ್ನ ಮುಚ್ಚಾಕತ್ತಿದ್ದ. ನಮ್ಮ ಅಬ್ಬಾ, ಯಾರು ಹೇಳ್ಯಾರಪಾ ಅಂತ ಕೇಳಿದ್ರು. ಸಾವ್ಕಾರ್ರು ಹೇಳ್ಯಾರ ಅಂದ. ಆಮ್ಯಾಲ ನಾವೇನು ಮಾತಾಡೋದು?” ಅವರು ಹಸಿರು ಬಾಗಿಲ ಕಡೆ ಕೈ ಮಾಡಿದರು. “ಮುಚ್ಚಿದ್ದು ಮುಚ್ಚಿದ್ರು, ಇದ್ದ ಬಾಗಿಲಾ ಕಿತ್ತು ತಂದು ಬಜಾರ ಮುಂದ ಹಚ್ಚಿದ್ರು. ಹೋಗೋ ಬರೋ ಮಂದಿ ನೋಡ್ಲಿ ಅಂತ. ಅಬ್ಬಾ ಸಾಯೋತನಕ ಅದರ ಕಡಿಗಿ ಮಾರಿ ಮಾಡಿ ನಡೀಲಿಲ್ಲ.”

ಚಿಕ್ಕಂದಿನಿಂದ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಆದರೆ ಇಂಥ ಉತ್ತರ ನನಗೆ ಬೇಕಿರಲಿಲ್ಲ. ತಡವರಿಸಿಕೊಂಡು ಅವರ ಕಡೆಯಿಂದ ಗೋಡೆ ಭದ್ರ ಮಾಡುವ ಮಾತೆತ್ತಿದೆ.

“ನಕ್ಕೋ ಬೇಟಿ, ಬ್ಯಾಡ. ನಿಮ್ಮ ಕಡಿ ಏನರ ಮಾಡ್ಕೊರ್ರಿ. ನನ್ನ ಅಂಗಡ್ಯಾಗ ಗೌಂಡಿ ಕಾಲಿಡಬಾರದು. ಆ ಗ್ವಾಡಿ ನಿಮ್ಮ ಅಜ್ಜ ಎಬ್ಬಿಸಿದ್ದು, ಇದ್ದಂಗ ಇರ್ಲಿ.” ಸಿಟ್ಟಿಲ್ಲದೆ ಹೇಳಿದರು. ಸಿಟ್ಟಿದ್ದರೆ ಇಳಿಸಬಹುದಿತ್ತು.

ಅವತ್ತು ಮಾನ್ವಿಯ ಬಸ್ಸಿಗೆ ಬುತ್ತಿ ಹೊತ್ತುಕೊಂಡು ಬಂದ ಅವ್ವನನ್ನು ಕೇಳಿದೆ. ಅವ್ವ ಕಮಾನು ನೋಡಿ ಬೆರಗಾಗಲಿಲ್ಲ.

“ಇದನ್ನ ಅವರ ಮಂದಿನೇ ಮುಚ್ಚಿಸ್ಯಾರಂತ. ನಮ್ಮತ್ತಿ ಹೇಳ್ತಿದ್ಲು. ನಿಮ್ಮ ಅಜ್ಜ ದುರಸ್ತಿ ಹಚ್ಚಿ, ಗಿಲಾವಿನ ಧೂಳ ಬಾಜೂ ಅಂಗಡಿಗಿ ಹೋಗಬಾರದು, ಬಾಗಿಲಾ ಮುಂದ ಮಾಡ್ರಿ ಅಂತ ಗೌಂಡಿಗಿ ಹೇಳಿ ಕುರ್ಡಿಗೆ ಹೋಗಿದ್ದನಂತ. ತಿರುಗಿ ಬಂದು ನೋಡಿದ್ರ ಗ್ವಾಡಿನೇ ಎದ್ದಿತ್ತು! ಬಾಗಿಲಾ ತಂದು ನಮ್ಮ ಮುಂದ ಬಡ್ದಿದ್ರು, ನಿಮ್ಮ ಬಾಗಿಲಾ ನಿಮಗಿರ್ಲಿ ಅಂತ. ಗೌಂಡಿ ಬಿತ್ತಿಗಿಗಿ ಊರಿಗಿ ಹೋಗಿಬಿಟ್ಟಿದ್ದ.”

“ಅಜ್ಜ ಖಾಸಿಂ ಸಾಬರನ್ನ ಕೇಳಲಿಲ್ಲೇನು?”

“ಏನಂತ ಕೇಳಾಂವ? ಮನಿಷ್ಯಾ ಬ್ಯಾಡ ಅಂತ ಗ್ವಾಡಿ ಎಬ್ಬಿಸಿದ ಮ್ಯಾಲ, ಯಾಕ ಬ್ಯಾಡ ಅಂತ ಕೇಳಿದ್ರ ನಾವು ಸಣ್ಣವರಾಗಂಗಿಲ್ಲೇನು?”

ಎರಡೂ ಮನೆಯಲ್ಲಿ ಕಥೆ ಒಂದೇ, ಹೆಸರು ಮಾತ್ರ ಅದಲು ಬದಲು. ಆ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ತೊಲೆ ಕೂಡಲಿಲ್ಲವೆಂಬ ಚಿಂತೆ ಒಂದು ಪಾಲಾದರೆ, ಇವರಲ್ಲಿ ಯಾರ ಮಾತು ನಿಜ ಎಂಬ ಕುತೂಹಲ ಇನ್ನೊಂದು ಪಾಲು. ಅಜ್ಜ ಮುಚ್ಚಿಸಿದ್ದರೆ ಆಮೇಲೆ ಹೋಳಿಗೆ ಯಾಕೆ ಕಳಿಸುತ್ತಿದ್ದ? ಖಾಸಿಂ ಸಾಬರು ಮುಚ್ಚಿಸಿದ್ದರೆ ಸುರಕುಂಬಾ ಯಾಕೆ ಬರುತ್ತಿತ್ತು? ಮುಚ್ಚುವ ಮನುಷ್ಯ ಬಾಗಿಲನ್ನು ಮತ್ತೊಂದು ಕಡೆ ಯಾಕೆ ನಿಲ್ಲಿಸುತ್ತಾನೆ? ಬಜಾರಿನ ಹಳಬರನ್ನೆಲ್ಲ ಕೇಳಿ ಬಂದೆ. ಅತ್ತರಿನ ಅಂಗಡಿಯ ಮುದುಕರು ಹತ್ತಿಯ ವ್ಯಾಪಾರದಲ್ಲಿ ಮಾತಿಗೆ ಮಾತು ಬೆಳೆದಿತ್ತು ಎಂದರು. ಹಗ್ಗದ ಅಂಗಡಿಯವರು, ಇಲ್ಲ, ಇಲೆಕ್ಷನ್ನಿನಲ್ಲಿ ಬೇರೆ ಬೇರೆ ಪಾರ್ಟಿಯಾಗಿದ್ದರು ಎಂದರು. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಕಂಡಂತೆ ಹೇಳುವವರಿಗೆ ಬರವಿರಲಿಲ್ಲ.

ಇತ್ತ ರೋಹಿಣಿ ಮಳೆಯ ಕಾಲ ಬಂತು. ಮಧ್ಯಾಹ್ನವಾದರೆ ಮೂಡಣದಲ್ಲಿ ಮೋಡ ಕಟ್ಟುತ್ತಿತ್ತು, ಸಂಜೆಗೆ ಒಣಗಾಳಿ ಬೀಸಿ ಬಜಾರಿನ ಕಸವನ್ನೆಲ್ಲ ನಮ್ಮ ತೆರೆದ ಅಂಗಡಿಗೆ ತಂದು ಸುರಿಯುತ್ತಿತ್ತು. ಅಣ್ಣ ಫೋನ್ ಮಾಡಿ, “ಮಿರಗ ಹತ್ತಿರ ಬಂತವ್ವಾ, ಆ ಮುದುಕ ಹೂಂ ಅಂದನೇನು?” ಎಂದು ಕೇಳುತ್ತಿದ್ದ. ನರಸಿಂಹಲು ತೊಲೆಗಳನ್ನು ಕಟ್ಟೆಗೆ ಒರಗಿಸಿ, ಕೆಲಸವಿಲ್ಲದೆ ಮುಂದಿನ ಗೋಡೆಯ ಗಿಲಾವು ಮಾಡುತ್ತಿದ್ದ. ಇನ್ನೊಂದು ವಾರ ಹೀಗೇ ಕಳೆದರೆ ಊರಿಗೆ ಬಿತ್ತನೆಗೆ ಹೊರಟುಬಿಡುತ್ತೇನೆ ಎಂದೂ ಹೇಳಿದ್ದ.

ಅಂಗಡಿಯ ಹಿಂದುಗಡೆ ಒಂದು ಸಣ್ಣ ಕೋಣೆಯಿದೆ. ಅದೊಂದರ ಮಾಳಿಗೆ ಗಟ್ಟಿಯಿತ್ತು. ಅಲ್ಲಿ ನಾನು ಜೋಳದ ಹಿಟ್ಟಿನ ಚೀಲ ತಂದಿಟ್ಟಿದ್ದೆ, ಅಂಗಡಿ ಆಗಿಯೇ ಆಗುತ್ತದೆ ಎಂಬ ಮೊಂಡುತನಕ್ಕೆ. ಒಂದು ಸಂಜೆ ಬಸ್ಸಿಗೆ ಹೊರಡುವಾಗ ಅವ್ವ ತಿರುಗಿ ನಿಂತು ನರಸಿಂಹಲುಗೆ ಹೇಳಿದಳು:

“ಏನಪಾ, ಹಿಟ್ಟಿನ ಮ್ಯಾಲ ಧೂಳ ಬೀಳಾಕತ್ತದ. ಹೋಗೂ ಮುಂದ ಆ ಕ್ವಾಣಿ ಬಾಗಿಲಾ ಮುಂದ ಮಾಡಿ ಹೋಗು.”

ಅವನು ತಲೆಯಾಡಿಸಿದ.

ಮರುದಿನ ನಾನೂ ಅವ್ವನೂ ಬಂದಾಗ ಬಿಸಿಲು ಆಗಲೇ ಏರಿತ್ತು. ನೋಡಿದರೆ ಕೋಣೆಯ ಬಾಗಿಲು ಚೌಕಟ್ಟಿನ ಸಮೇತ ಎದ್ದು ಬಜಾರಿನ ಕಡೆಯ ಗೋಡೆಗೆ ಒರಗಿ ನಿಂತಿದೆ! ಆ ಗೋಡೆಯ ಮೇಲೆ ಇಟ್ಟಿಗೆ ಚೂರಿನಿಂದ ಗೆರೆ ಎಳೆದಿದ್ದಾನೆ. ಹಿಂದೆ, ಬಾಗಿಲಿದ್ದ ಜಾಗದಲ್ಲಿ, ಆಗಲೇ ಇಟ್ಟಿಗೆಯ ಸಾಲು ಎದ್ದಿದೆ. ಒಳಗೆ ನನ್ನ ಹಿಟ್ಟಿನ ಚೀಲಗಳು ಜೈಲು ಸೇರಿದಂತೆ ಇಣುಕುತ್ತಿವೆ.

“ಏ ನರಸಿಂಹಲೂ! ಏನು ಮಾಡಾಕತ್ತೀಯೋ ಮಾರಾಯಾ? ಬಾಗಿಲಾ ಯಾಕ ಕಿತ್ತಿ?” ನನ್ನ ದನಿಗೆ ಹಗ್ಗದ ಅಂಗಡಿಯವರೂ ಹೊರಗೆ ಬಂದರು.

ಅವನು ಕರಣಿ ಹಿಡಿದುಕೊಂಡೇ ಕಣ್ಣು ಕಣ್ಣು ಬಿಟ್ಟ. “ಪೆದ್ದಮ್ಮನೇ ಹೇಳಿದ್ರು ಕದಮ್ಮಾ! ಬಾಗಿಲು ಮುಂದ ಮಾಡು ಅಂದ್ರು. ಮುಂದ ಅಂದ್ರೆ ಈ ಕಡೆನೇ ಅಲ್ವಾ? ಈ ಗೋಡೆಗೆ ಇಷ್ಟೆತ್ತರದ ಬಾಗಿಲು ಹೆಂಗೆ ಕೂಡಿಸೋದು ಅಂತ ನಾನು ರಾತ್ರೆಲ್ಲಾ ಯೋಚನೆ ಮಾಡಿದೆ.”

“ಮತ್ತ ಅಲ್ಲಿ ಇಟ್ಟಂಗಿ ಯಾಕ ಇಡಾಕತ್ತೀ?”

“ಬಾಗಿಲು ಮುಂದಕ್ಕೆ ಹೋದ್ಮೇಲೆ ಅಲ್ಲಿ ಖಾಲಿ ಬಿಡ್ತಾರಾ ಅಮ್ಮಾ? ಕಳ್ಳರು ಬರಲ್ವಾ?”

ಅವ್ವ ನಗತೊಡಗಿದಳು. ಸೆರಗು ಬಾಯಿಗೆ ಒತ್ತಿ, ನಿಲ್ಲಲಾರದೆ ಮರಳಿನ ರಾಶಿಯ ಮೇಲೆ ಕೂತೇಬಿಟ್ಟಳು. ನಮ್ಮ ಕಡೆ ಬಾಗಿಲು ‘ಮುಚ್ಚು’ ಎಂದು ಯಾರೂ ಹೇಳುವುದಿಲ್ಲ, ಅದರಲ್ಲೂ ಅಂಗಡಿ ಬಾಗಿಲಿಗೆ. ಅಂಗಡಿ ಮುಚ್ಚಿತು ಎಂದರೆ ದಿವಾಳಿಯೆದ್ದಿತು ಎಂದೇ ಅರ್ಥ. ಹಾಗಾಗಿ ಕದವನ್ನು ಎಳೆದುಕೊಳ್ಳುವುದಕ್ಕೆ ‘ಮುಂದ ಮಾಡು’ ಎನ್ನುತ್ತೇವೆ. ಹುಟ್ಟಿದಾಗಿನಿಂದ ಹೇಳಿದ ಮಾತು; ಅದಕ್ಕೆ ಇನ್ನೊಂದು ಅರ್ಥ ಇರಬಹುದೆಂದು ನಮಗೆ ಹೊಳೆದೇ ಇರಲಿಲ್ಲ.

ನಾನೂ ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಒರಗಿಸಿದ ಬಾಗಿಲ ಪಕ್ಕದಲ್ಲಿದ್ದ ಹಸಿರು ಬಾಗಿಲು ಕಣ್ಣಿಗೆ ಬಿತ್ತು. ಅದರಿಂದ ತಿರುಗಿ ಕಮಾನು ನೋಡಿದೆ. ಕಮಾನಿನೊಳಗಿನ ಇಟ್ಟಿಗೆ ನೋಡಿದೆ. ಆಮೇಲೆ ಅವ್ವನನ್ನು ನೋಡಿದೆ. ಅವ್ವನ ನಗು ನಿಂತಿತ್ತು.

“ಯವ್ವಾ, ಅಜ್ಜ ಗೌಂಡಿಗಿ ಏನು ಹೇಳಿ ಕುರ್ಡಿಗೆ ಹೋಗಿದ್ದ ಅಂದಿ?”

“ಬಾಗಿಲಾ ಮುಂದ ಮಾಡ್ರಿ ಅಂತ...” ಅವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯ ಶಿವನೇ! ಆ ಗೌಂಡಿನೂ ಗಡಿ ಆಚಿಯಾಂವನೇ ಅಂತಿದ್ಲು ನಮ್ಮತ್ತಿ.”

ಸಂತೋಷವೋ ಸಂಕಟವೋ ಗೊತ್ತಾಗಲಿಲ್ಲ. ಇಷ್ಟೇನಾ? ಎರಡು ಮನೆಗಳ ಹಿರಿಯರು ಸಾಯುವವರೆಗೂ ಮುಖ ಕೊಟ್ಟು ಮಾತಾಡದೆ ಹೋದದ್ದು ಇಷ್ಟಕ್ಕೇನಾ?

ನರಸಿಂಹಲುವಿನ ಕೈ ಹಿಡಿದು ಎಳೆದುಕೊಂಡೇ ಹೋದೆ. ಅವ್ವ ಹಿಂದೆ ಬಂದಳು. ಚಾಚಾ ಚೀಲಗಳ ಮೇಲೆ ಕೂತು ಹರಕು ಹೊಲಿಯುತ್ತಿದ್ದರು. ಗೌಂಡಿಯನ್ನು ನೋಡಿ ಅವರ ಹುಬ್ಬು ಗಂಟಾಯಿತು. ಅವನು ಹೊಸ್ತಿಲ ಹೊರಗೇ ನಿಂತ.

“ರಹಮಾನಣ್ಣಾರ, ಒಂದೀಟು ಕೇಳ್ರಿ,” ಎಂದು ಅವ್ವ ಶುರು ಮಾಡಿದಳು. ಅತ್ತೆ ಹೇಳಿದ ಮಾತು, ನಿನ್ನೆ ಸಂಜೆ ತಾನು ಹೇಳಿದ ಮಾತು, ಇವತ್ತು ಆದ ಅನಾಹುತ, ಎಲ್ಲ ಹೇಳಿದಳು. ನರಸಿಂಹಲು ನಡುನಡುವೆ “ಅವುನಯ್ಯಾ, ಮುಂದ ಅಂದ್ರು, ನಾನು ಮುಂದ ಮಾಡಿದೆ” ಎಂದು ಸಾಕ್ಷಿ ನುಡಿದ.

ಚಾಚಾ ನಗಲಿಲ್ಲ. ದಬ್ಬಣದಲ್ಲಿ ಸುತಳಿ ಎಳೆಯುತ್ತಲೇ ಇದ್ದರು. “ಗೌಂಡಿ ಸಾವ್ಕಾರ್ರ ಮಾತು ಅಂದದ್ದು ಖರೇ ಆತು ಹಂಗಾರ,” ಎಂದರು. ಆಮೇಲೆ ತಲೆಯೆತ್ತಿದರು. “ಆದ್ರ ಒಂದು ಮಾತು ಕೂಡಂಗಿಲ್ಲ ನೋಡ್ರಿ. ಧೂಳಿಗಿ ಬಾಗಿಲಾ ಮುಂದ ಮಾಡ್ರಿ ಅಂದ್ರ? ಬಾರದಾನದ ಅಂಗಡ್ಯಾಗ ಧೂಳಿಗಿ ಯಾರು ಅಂಜ್ತಾರ? ನಾವು ಹುಟ್ಟಿದ್ದೇ ಧೂಳಿನಾಗ. ನಿಮ್ಮ ಅಜ್ಜಗ ಅದು ಗೊತ್ತಿರಲಿಲ್ಲೇನು?”

ನಿಜವಾದ ಮಾತೇ. ಆ ಅಂಗಡಿಯಲ್ಲಿ ಒಂದು ಚೀಲ ಕೊಡವಿದರೆ ಬೆಳಕು ಮಂಕಾಗುತ್ತದೆ. ಗೆದ್ದೆನೆಂದು ಬಂದವಳು ತಿರುಗಿ ಹೊಸ್ತಿಲ ಕಡೆ ಹೆಜ್ಜೆ ಹಾಕಿದೆ.

ದಬ್ಬಣ ನಿಂತಿತು.

“ಆ ಬ್ಯಾಸಗಿ...” ಎಂದರು ಚಾಚಾ. ಗೋಡೆಯ ಬುಡದ ಕಡೆ ನೋಡುತ್ತಿದ್ದರು. “ಆ ಬ್ಯಾಸಗಿ ನನಗ ದಮ್ಮು ಹತ್ತಿತ್ತು. ಉಸಿರಾ ಸಿಗ್ತಿರಲಿಲ್ಲ. ಅಂಗಡ್ಯಾಗಿನ ಚೀಲಾ ಎಲ್ಲಾ ಗೋದಾಮಿಗಿ ಸಾಗ್ಸಿ, ಇಲ್ಲೇ, ಈ ಗ್ವಾಡಿ ಬಾಜೂಕ ತಂಪಂತ ಹಾಸಿ ಮಲಗಿಸ್ತಿದ್ರು ನನ್ನ. ನಿಮ್ಮ ಅಜ್ಜ ಮುಂಜಾನಿ ಸಂಜೀಕ ಆ ಬಾಗಿಲದಾಗಿಂದ ಬಂದು ಎದಿಗಿ ಕಿವಿ ಹಚ್ಚಿ ಕೇಳ್ತಿದ್ದ. ಅಂವನ ಮೀಸಿ ಚುಚ್ಚತಿತ್ತು...”

ಚಾಚಾ ಚಸ್ಮಾ ತೆಗೆದು ಚೀಲದ ಮೇಲಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಷ್ಟು ವಯಸ್ಸಾದ ಮನುಷ್ಯ ಬಿಕ್ಕಿ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ತಡೆಯಲಾಗಲಿಲ್ಲ. ಅವ್ವ ಅವರ ಪಕ್ಕದಲ್ಲಿ ಚೀಲದ ಮೇಲೆ ಕೂತು, “ಹೋಗ್ಲಿ ಬಿಡ್ರೆಪಾ, ಹೋಗ್ಲಿ ಬಿಡ್ರಿ,” ಎನ್ನುತ್ತಿದ್ದಳು.

ಕೊನೆಗೆ ಚಾಚಾ ಮುಖ ಒರೆಸಿಕೊಂಡು ಹೊಸ್ತಿಲ ಕಡೆ ನೋಡಿದರು. ಅಲ್ಲಿ ನರಸಿಂಹಲು, ತನ್ನ ಕುಲದವರೆಲ್ಲರ ತಪ್ಪು ತಲೆಯ ಮೇಲೆ ಹೊತ್ತವನಂತೆ, ಕರಣಿ ಹಿಂದೆ ಹಿಡಿದುಕೊಂಡು ನಿಂತಿದ್ದ.

“ಅಲ್ಯಾಕ ನಿಂತೀಯಪಾ? ಒಳಗ ಬಾ. ಯಾವ ಕಡಿಂದ ಒಡೀಬೇಕು, ನೋಡು.”

ಆಮೇಲಿನ ದಿನಗಳು ಓಡಿದವು. ಕಮಾನಿನ ಹೊಟ್ಟೆಯಿಂದ ಇಟ್ಟಿಗೆ ಹೊರಗೆ ಬಂದವು. ಒಳಗಿನ ಸಾಲು ಅಜ್ಜನ ಗೌಂಡಿ ಕಟ್ಟಿದ್ದು. ಆಚೆ ಬದಿಯ ಗಿಲಾವು ಖಾಸಿಂ ಸಾಬರು ತಾವೇ ಮಾಡಿಸಿದ್ದು, ಇಟ್ಟಿಗೆ ಕಣ್ಣಿಗೆ ಬೀಳಬಾರದೆಂದು. ಇಂಜಿನಿಯರ್ ಹುಡುಗಿ ಕಮಾನಿನ ಎರಡೂ ಬದಿ ಕಲ್ಲು ಕೂಡಿಸಿ ಭದ್ರ ಮಾಡಿಸಿದಳು. ಅದರ ಮೇಲೆ ತೊಲೆಗಳು ಕೂತವು. ಬಜಾರಿನ ಸಲಹೆಗಾರರಿಗೆ ಹೊಸ ವಿಷಯ ಸಿಕ್ಕಿತ್ತು. ಸಂಜೆಯಾದರೆ ಹಗ್ಗದ ಅಂಗಡಿಯವರು ತಮ್ಮ ಆಳಿಗೆ ಕೂಗಿ ಹೇಳುತ್ತಿದ್ದರು: “ಬಾಗಿಲಾ ಮುಂದ ಮಾಡೋ, ಆದ್ರ ಇದ್ದಲ್ಲೇ ಇರ್ಲಿ!”

ಹಸಿರು ಬಾಗಿಲನ್ನು ಕಿತ್ತು ಮಲಗಿಸಿ ಬಣ್ಣ ಕೆರೆದೆವು. ಪದರ ಪದರವಾಗಿ ಹಸಿರು ಹೋಗಿ ಒಳಗೆ ತೇಗ ಕಂಡಿತು, ಒಂದು ಮಗ್ಗುಲಲ್ಲಿ ಒತ್ತೊತ್ತಾಗಿ ಸಣ್ಣ ತೂತು. ಚಾಚಾ ಬಗ್ಗಿ ಬೆರಳಾಡಿಸಿ, “ಅಬ್ಬಾ ಮಾತಾಡ್ತಾ ಮಾತಾಡ್ತಾ ದಬ್ಬಣಾ ಇಲ್ಲಿ ಚುಚ್ಚಿ ಇಡ್ತಿದ್ರು” ಎಂದರು. ನರಸಿಂಹಲು ಬಾಗಿಲನ್ನು ಹೆಗಲ ಮೇಲೆತ್ತಿಕೊಂಡು ಬಹಳ ಹುಷಾರಾಗಿ ಕೇಳಿದ: “ಅಮ್ಮಾ, ಈಗ ಇದು ಹಿಂದ ಮಾಡೋದಾ?” ಎಲ್ಲರೂ ಎಷ್ಟು ನಕ್ಕೆವೆಂದರೆ ಅವನು ಬಾಗಿಲು ಇಳಿಸಿ ಕೂರಬೇಕಾಯಿತು.

ಮಿರಗ ಕೂಡಿದ ದಿನ ಅಣ್ಣ ಮಾನ್ವಿಯಿಂದ ಬಂದ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಹನಿಯ ಮಳೆ ಬಿತ್ತು, ಬಜಾರಿನ ಕಾದ ಕಲ್ಲುಗಳೆಲ್ಲ ಹಬೆಯಾಡಿದವು. ಅಣ್ಣ ಅಂಗಡಿಯ ನಡುವೆ ನಿಂತು ಕತ್ತೆತ್ತಿ ಮಾಳಿಗೆಯನ್ನೇ ನೋಡುತ್ತಿದ್ದ. ಎಲ್ಲಿಯೂ ಸೋರಲಿಲ್ಲ. “ನಿಂದಾತು ಬಿಡವ್ವಾ,” ಎಂದ. ಆಮೇಲೆ ಕಮಾನಿನೊಳಗಿಂದ ಹಾದು ಚಾಚಾನ ಹತ್ತಿರ ಹೋಗಿ ಚಹಾ ಕುಡಿದು ಬಂದ. ನಾನು ಅವನನ್ನು ಏನೂ ಕೇಳಲಿಲ್ಲ. ಕೆದಕುವವಳಿಗೂ ಒಂದು ದಿನ ರಜೆ ಬೇಕು.

ಈಗ ಬೋರ್ಡು ಹಾಕಿ ವರ್ಷಗಳಾದವು. ದೇವದುರ್ಗದಿಂದ ತಿರುಗಿ ಬಂದಾಗ ಸಂಜೆಯಾಗಿತ್ತು. ಹೆಂಗಸರು ನಾಳೆಗೆ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಅಂಗಡಿಯ ತುಂಬ ಬಿಳಿ ಹಿಟ್ಟು ತೇಲುತ್ತಿತ್ತು, ಕಮಾನಿನ ಮೂಲಕ ಆಚೆಗೂ ಹೋಗುತ್ತಿತ್ತು. ಆಚೆಯಿಂದ ಚಾಚಾನ ಕೆಮ್ಮು ಕೇಳಿಸಿತು. ಈಚೆಗೆ ಅವರಿಗೆ ದಮ್ಮು ಮತ್ತೆ ಕಾಡುತ್ತಿದೆ, ಡಾಕ್ಟರು ಧೂಳಿನಿಂದ ದೂರ ಇರಿ ಎಂದಿದ್ದಾರೆ. ನಾನು ಎದ್ದು ಹೋಗಿ ಕಮಾನಿನಲ್ಲಿ ಮತ್ತೆ ಕೂಡಿಸಿದ್ದ ತೇಗದ ಕದಕ್ಕೆ ಕೈ ಹಾಕಿದೆ.

“ಯಾಕ ಬೇಟಿ?”

“ಹಿಟ್ಟಿನ ಧೂಳ ಬರಾಕತ್ತದ ಚಾಚಾ. ಬಾಗಿಲಾ ಮುಂದ ಮಾಡ್ತೀನಿ, ಒಂದೀಟು ಹೊತ್ತು.”

ಅವರು ಕೆಮ್ಮಿದರು, ದಬ್ಬಣ ಹಿಡಿದ ಕೈಯನ್ನೇ ಅಡ್ಡಡ್ಡ ಆಡಿಸಿದರು.

“ನಕ್ಕೋ. ಕೆಮ್ಮು ಬಂದ್ರ ಬರ್ಲಿ. ಬಾಗಿಲಾ ತೆರ್ದಿರ್ಲಿ.”